ಎರಡನೇ ರಿಮೋಟು

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾದ ಕಪ್ಪು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಾರೆ:

"ಇವನ್ನೆಲ್ಲ ಯಾಕ ಹಿಂಗ ಹೊರಗ ಇಟ್ಟೀರಿ, ಮೇಡಮ್?"

ಹುಬ್ಬಳ್ಳಿಯ ಈ ಬಾಡಿಗೆ ಮನೆಯ ಹೊರಕೋಣೆಯಲ್ಲಿ, ಉಳಿದವರು ಸ್ಟೀಲಿನ ಡಬ್ಬಿ, ಮಕ್ಕಳು ಗೆದ್ದ ಕಪ್ಪು ಜೋಡಿಸುವ ಜಾಗದಲ್ಲಿ, ಗಾಜಿನ ಬಾಗಿಲ ಹಿಂದೆ ಹದಿನಾಲ್ಕು ಹಳೆಯ ವಿಡಿಯೋ ಗೇಮುಗಳಿವೆ. ಟೀವಿಗೆ ವೈರು ಚುಚ್ಚಿ, ಮೇಲೆ ಕ್ಯಾಸೆಟ್ಟು ಒತ್ತಿ ಆಡುತ್ತಿದ್ದ ಕಾಲದವು. ನನ್ನಂಥ ಸಂಗ್ರಾಹಕರು ಇನ್ನೂ ಕೆಲವರಿದ್ದಾರೆ. ಫೋನಿನಲ್ಲಿ ತಮ್ಮ ತಮ್ಮ ಕಪಾಟಿನ ಚಿತ್ರ ಕಳಿಸುತ್ತಾರೆ, ಯಾಕೆ ಹೊರಗಿಡುತ್ತೇವೆ ಎಂದು ತಾವೇ ಮಾತಾಡಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಅತ್ತು ಕೇಳಿದರೂ ಸಿಗದ್ದು ಈಗ ಕಣ್ಣೆದುರು ಇರಬೇಕು ಎನ್ನುತ್ತಾನೆ ಒಬ್ಬ. ಇನ್ನೊಬ್ಬನಿಗೆ ಆ ಪ್ಲಾಸ್ಟಿಕ್ಕಿನ ಆಕಾರವೇ ಚಂದ. ಮತ್ತೊಬ್ಬ ಪ್ರಾಮಾಣಿಕ: ಆಡಲು ಪುರುಸೊತ್ತಿಲ್ಲ, ಡಬ್ಬಿಯೊಳಗಿಟ್ಟರೆ ಇದೆ ಎಂಬುದೇ ಮರೆತುಹೋಗುತ್ತದೆ, ನೋಡಿದರೆ ಅರ್ಧ ಆಡಿದಷ್ಟು ಸಮಾಧಾನ. ನನ್ನದು ಬೇರೆ. ನಾನು ಮೇಲಿನ ಸಾಲಿನ ಬೂದು ಬಣ್ಣದ ಪೆಟ್ಟಿಗೆಯನ್ನು ತೋರಿಸುತ್ತೇನೆ. ಅದರ ಹಿಂದೆ ಮೊಳೆಗೆ ತೂಗುಹಾಕಿದ ಅಂಗೈಯಗಲದ ನೇಯ್ಗೆಯ ತುಂಡನ್ನು ತೋರಿಸುತ್ತೇನೆ. ಒಂದು ಬದಿ ಸುಟ್ಟ ಆ ತುಂಡಿನಲ್ಲಿ ನವಿಲಿನ ಕೊಕ್ಕು ಮತ್ತು ಕುತ್ತಿಗೆ ಇವೆ. ಆಮೇಲೆ ಕಥೆ ಹೇಳುತ್ತೇನೆ: ನಮ್ಮದು ನವಲಗುಂದದ ಜಮಖಾನೆ ನೇಯುವ ಮನೆ, ಹೆಣ್ಣುಮಗಳಾದ ನನಗೆ ಮಗ್ಗ ನೋಡುವ ಹಕ್ಕಿರಲಿಲ್ಲ, ಬೆನ್ನು ಮಾಡಿ ಟೀವಿಯ ಮುಂದೆ ಕೂಡಿಸುತ್ತಿದ್ದರು, ಕರೆಂಟು ಹೋದಾಗ ಆ ಕಪ್ಪು ಗಾಜಿನಲ್ಲಿ ಹಿಂದಿನ ಮಗ್ಗದ ಪ್ರತಿಬಿಂಬ ನೋಡಿ ನಾನು ನವಿಲು ಕಲಿತೆ. ಕೇಳಿದವರು ಬಾಯಿ ತೆರೆದು ಕೂಡುತ್ತಾರೆ. ಒಬ್ಬಳು ಕಣ್ಣೊರೆಸಿಕೊಂಡಳು.

ಇಷ್ಟು ನುಣುಪಾದ ಕಥೆಯ ಬಗ್ಗೆ ನನಗೇ ಮೊದಲು ಸಂಶಯ ಬರಬೇಕಿತ್ತು. ಯಾಕೆಂದರೆ ಅದರಲ್ಲಿ ಒಬ್ಬ ಹೆಂಗಸು ಇಲ್ಲ. ಅವಳು ಆ ಮಗ್ಗದ ಮುಂದಿನಿಂದ ಎದ್ದು ಹೋದಳು, ಮತ್ತೆ ಬರಲಿಲ್ಲ. ಅವಳನ್ನು ಎಬ್ಬಿಸಿದವರು ಯಾರು ಎಂಬುದನ್ನು ಈ ಅಧ್ಯಾಯದಲ್ಲಿ ಬರೆಯಬೇಕು.

ನವಲಗುಂದದ ಮನೆ ಮೂರು ಕೋಣೆಗಳದು. ನಾಲ್ಕು ಎನ್ನುತ್ತಾಳೆ ನನ್ನ ತಾಯಿ, ಅಮ್ಮಿ. ಹಿತ್ತಲ ತಗಡಿನ ಕೆಳಗಿನ ಒಲೆಯ ಜಾಗವನ್ನೂ ಅವಳು ಕೋಣೆಯೆಂದೇ ಲೆಕ್ಕ ಹಿಡಿಯುತ್ತಾಳೆ, ಅವಳ ಆಯುಷ್ಯ ಕಳೆದದ್ದು ಅಲ್ಲಿ. ಮಣ್ಣಿನ ಮಾಳಿಗೆ, ನಡುವಿನ ಕೋಣೆಗೆ ಒಂದು ಬೆಳಕಿಂಡಿ. ಆ ಬೆಳಕಿನ ಕೆಳಗೆ ಮಗ್ಗ. ನೆಲಕ್ಕೆ ಮಲಗಿದ ಮಗ್ಗವಲ್ಲ, ಗೋಡೆಯ ಹಾಗೆ ನಿಂತದ್ದು: ಮೇಲೊಂದು ತೊಲೆ, ಕೆಳಗೊಂದು ತೊಲೆ, ನಡುವೆ ಬಿಗಿದ ಹಾಸು ನೂಲು. ಮುಂದೆ ಹಲಗೆ ಹಾಕಿಕೊಂಡು ದಾದಿ, ಅಂದರೆ ನಮ್ಮ ಅಬ್ಬಾನ ತಾಯಿ, ಕೂಡುತ್ತಿದ್ದಳು. ಬಣ್ಣದ ನೂಲು ಹೊಗಿಸಿ, ಪಂಜಾ ಎಂಬ ಕಬ್ಬಿಣದ ಹಲ್ಲಿನ ಹಣಿಗೆಯಿಂದ ದಪ್ ದಪ್ ಎಂದು ಹೊಡೆದು ಕೂಡಿಸುತ್ತಿದ್ದಳು. ಆ ಸದ್ದಿನಲ್ಲೇ ನಾವು ರೊಟ್ಟಿ ತಿಂದೆವು, ಜಗಳಾಡಿದೆವು, ಜ್ವರದಲ್ಲಿ ಮಲಗಿದೆವು. ನವಿಲಿನ ನಕ್ಷೆ ಕಾಗದದ ಮೇಲೆ ಇರಲಿಲ್ಲ. ದಾದಿಯ ನಾಲಿಗೆಯ ಮೇಲೆ ಎಣಿಕೆಯಾಗಿ ಇತ್ತು. ಚೌಕಾಬಾರದ ಚೌಕಕ್ಕೆ ಮನೆ ಅನ್ನುವ ಹಾಗೆ ಅವಳೂ ಜಮಖಾನೆಯ ಒಂದೊಂದು ಚೌಕಕ್ಕೆ ಮನಿ ಅನ್ನುತ್ತಿದ್ದಳು. ಮೂರು ಮನಿ ಹಿಡಿ, ಒಂದು ಮನಿ ಬಿಡು. ಎರಡು ಹಿಡಿ, ಎರಡು ಬಿಡು. ತುಟಿ ಅಲುಗುತ್ತಿದ್ದವು, ದನಿ ಹೊರಬೀಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಆ ಎಣಿಕೆ ಸೊಸೆಗೆ ಮಾತ್ರ. ಮಗಳಿಗಿಲ್ಲ. ನಾನು ಮಗ್ಗದ ಹತ್ತಿರ ಸರಿದರೆ ದಾದಿ ಪಂಜಾದ ಹಿಡಿಕೆಯಿಂದ ಮೊಣಕಾಲಿಗೆ ಕುಟ್ಟುತ್ತಿದ್ದಳು.

"ಆ ಕಡಿ ಮಾರಿ ಮಾಡಿ ಕೂಡು. ನಾಳೆ ಮತ್ತೊಬ್ಬರ ಮನಿಗೆ ಹೋಗಾಕಿ ನೀ. ನಮ್ಮ ನವಿಲನ್ನೂ ಗಂಟು ಕಟಗೊಂಡು ಹೋಗ್ತಿ."

ಮಗಳನ್ನು ಓಣಿಯಲ್ಲಿ ಬಿಡುವಂತಿಲ್ಲ, ಮಗ್ಗದ ಕಡೆ ನೋಡಗೊಡುವಂತಿಲ್ಲ. ಈ ಇಕ್ಕಟ್ಟಿಗೆ ಅಬ್ಬಾ ಉಪಾಯ ಹುಡುಕಿದರು. ಜಮಖಾನೆ ಹೊತ್ತುಕೊಂಡು ಹುಬ್ಬಳ್ಳಿಯ ಅಂಗಡಿಗಳಿಗೆ ಹೋಗುತ್ತಿದ್ದ ಅವರು ಒಮ್ಮೆ ವಾಪಸು ಬರುವಾಗ ಬೂದು ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು ತಂದರು. ಮನೆಗಿದ್ದ ಒಂದೇ ಪ್ಲಗ್ಗು ಮಗ್ಗದ ಕೋಣೆಯಲ್ಲಿ, ಮಗ್ಗದ ಎದುರಿನ ಗೋಡೆಗೆ. ಟೀವಿ ಅಲ್ಲಿಯೇ ಇತ್ತು. ನನ್ನನ್ನು ಅದರ ಮುಂದೆ ಕೂಡಿಸಿದರು.

"ಇನ್ನ ಈಕಿ ಹೊಳ್ಳಿ ನೋಡಂಗಿಲ್ಲ ನೋಡ, ಅಮ್ಮಾ. ಕುತ್ತಗಿಗೆ ಹಗ್ಗ ಹಾಕಿದಂಗ," ಎಂದರು ದಾದಿಗೆ.

ದಾದಿ ನಕ್ಕಳು. ಅವಳು ನಕ್ಕದ್ದು ನನಗೆ ನೆನಪಿದೆಯೋ, ನಗಬೇಕಿತ್ತು ಎಂದು ನಾನು ಈಗ ನಗಿಸುತ್ತಿದ್ದೇನೋ. ಇದು ನಾನು ಓಣಿಯಲ್ಲಿ ಮೊದಲು ವಿಡಿಯೋ ಗೇಮು ಕಂಡ ಹುಡುಗಿಯಾದ ಬಗೆ. ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು. ಅದು ದನಕ್ಕೆ ಕಟ್ಟುವ ಕಣ್ಣುಪಟ್ಟಿ ಎಂದು ಅವರಿಗೂ ಗೊತ್ತಿರಲಿಲ್ಲ, ಒಂಬತ್ತು ವರ್ಷದ ನನಗೂ.

ಮುಂದಿನ ವರ್ಷ ನನ್ನ ಅಣ್ಣ ಭಾಯ್‌ಜಾನನ ಮದುವೆಯಾಯಿತು. ಭಾಬಿ ಜೈಬುನ್ ಬಂದಳು, ಶಲವಡಿಯವಳು. ನಮ್ಮ ಮನೆಯಲ್ಲಿ ಅರ್ಧ ಉರ್ದು, ಅರ್ಧ ಕನ್ನಡ. ಹೊಲದ ನಡುವೆ ಬೆಳೆದ ಭಾಬಿಗೆ ಬಾಯಿಗೆ ಬರುತ್ತಿದ್ದದ್ದು ಕನ್ನಡವೇ. ನಾನು ಈಗ ಬರೆಯುತ್ತಿರುವ ಭಾಷೆಯನ್ನು ಶಾಲೆ ತಿದ್ದಿರಬಹುದು, ಕೊಟ್ಟವಳು ಅವಳು. ದಾದಿ ಅವಳ ಬೆರಳು ನೋಡಿದಳು, ಮಗ್ಗಕ್ಕೆ ಕೂಡಿಸಿದಳು, ಒಂದೇ ವರ್ಷದಲ್ಲಿ ನವಿಲು ಕೊಟ್ಟಳು. ಅಮ್ಮಿ ಆ ದಿನಗಳಲ್ಲಿ ಒಲೆಯ ಮುಂದೆ ಪುಂಡಿಪಲ್ಯ ತಿರುವುತ್ತ ಕೂತಿರುತ್ತಿದ್ದಳು.

ಮಧ್ಯಾಹ್ನದ ನಮಾಜು ಮುಗಿಸಿ ದಾದಿ ಹೊರಕೋಣೆಯಲ್ಲಿ ಅಡ್ಡಾಗುತ್ತಿದ್ದಳು. ಒಂದು ದಿನ ಆ ಹೊತ್ತಿನಲ್ಲಿ ಭಾಬಿ ಮಗ್ಗದಿಂದ ಎದ್ದು ಬಂದು ನನ್ನ ಬಾಜು ಕೂತಳು. ಪರದೆಯ ಮೇಲೆ ಟೊಪ್ಪಿಗೆ ಹಾಕಿದ ಗೊಂಬೆಯೊಂದು ಹೊಂಡ ಜಿಗಿಯುತ್ತಿತ್ತು. ಅವಳು ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಅಯ್ಯ ಶಮಾ, ಇದೂ ಎಣಿಕಿನ ಐತಲ್ಲಬೇ! ನೋಡಿಲ್ಲೆ, ಟೊಪಿಗಿ ಐದು ಮನಿ. ಮಾರಿ ನಾಕು ಮನಿ. ಒಂದು ಬಿಟ್ಟು ಕಣ್ಣು."

"ನನಗ ಎಣಿಕಿ ಗೊತ್ತಿಲ್ಲ ಭಾಬಿ. ನಾ ಮಗಳು."

"ಯಾರಿಗೆ ಹೆದರಿಸಾಕತ್ತಿ? ತಾ ಇಲ್ಲೆ ಆ ಎರಡನೇದು."

ಮಗ್ಗ ಕಾಣದಿರಲಿ ಎಂದು ಅಬ್ಬಾ ತಂದದ್ದೂ ಚೌಕ ಚೌಕ ಜೋಡಿಸಿ ಮಾಡಿದ ಚಿತ್ರವೇ. ಹೊತ್ತು ತಂದು, ವೈರು ಚುಚ್ಚಿ, ನೋಡಿ ಸಂತೋಷಪಟ್ಟ ಗಂಡಸರಿಗೆ ಅದು ಕಾಣಲಿಲ್ಲ. ಎರಡನೇ ರಿಮೋಟು ಅವಳದಾಯಿತು. ಆ ಆಟದಲ್ಲಿ ಇಬ್ಬರೂ ಒಮ್ಮೆಗೇ ಆಡುವಂತಿಲ್ಲ. ಒಬ್ಬರ ಗೊಂಬೆ ಸತ್ತರೆ ಇನ್ನೊಬ್ಬರ ಸರದಿ. ನಾನು ಬೇಗ ಸಾಯುತ್ತಿದ್ದೆ, ಅವಳು ಸಾಯುತ್ತಲೇ ಇರಲಿಲ್ಲ. ಅವಳ ಬೆರಳಿಗೆ ಅಂಟಿದ ಕೆಂಪು ನೂಲಿನ ಎಳೆಗಳು ಆ ರಿಮೋಟಿನ ಗುಂಡಿಗಳ ಸಂದಿಯಲ್ಲಿ ಸೇರಿಕೊಂಡವು. ಹೊರಗೆ ದಾದಿ ಕೆಮ್ಮಿದರೆ ಸಾಕು, ಅರ್ಧ ಆಟದಲ್ಲಿ ರಿಮೋಟು ಬಿಟ್ಟು ಮಗ್ಗಕ್ಕೆ ಹಾರುತ್ತಿದ್ದಳು.

"ನನ್ನ ಸರದಿ ಹಂಗ ಇಟ್ಟಿರು. ಬಂದು ಆಡ್ತೀನಿ."

ಹೀಗೆ ಎಷ್ಟು ದಿನ? ಒಂದು ಹಂಗಾಮು ಅನ್ನಿಸುತ್ತದೆ. ಬರೀ ಹತ್ತು ಮಧ್ಯಾಹ್ನಗಳಿದ್ದರೂ ಇರಬಹುದು. ನೆನಪು ಒಳ್ಳೆಯದನ್ನು ಹಿಗ್ಗಿಸಿಕೊಳ್ಳುತ್ತದೆ, ಅದನ್ನು ನಾನು ನಂಬುವುದಿಲ್ಲ.

ಇನ್ನು ಆ ದಿನ. ಮೊದಲು ನಾನು ಬಂದವರಿಗೆ ಹೇಳುವ ಹಾಗೆ ಹೇಳುತ್ತೇನೆ. ಒಡೆದ ಫೋಟೋದ ಕಟ್ಟಿಗೆ ಚೌಕಟ್ಟಿಗೆ ನೂಲು ಬಿಗಿದು, ತಲೆ ಬಾಚುವ ಹಣಿಗೆಯನ್ನೇ ಪಂಜಾ ಮಾಡಿಕೊಂಡು ನಾನು ನವಿಲಿನ ಕುತ್ತಿಗೆಯವರೆಗೆ ನೇಯ್ದಿದ್ದೆ. ಟೀವಿಯ ಹಿಂದೆ ಮುಚ್ಚಿಟ್ಟಿದ್ದೆ. ಕಸ ಗುಡಿಸುವಾಗ ಅದು ದಾದಿಗೆ ಸಿಕ್ಕಿತು. ಎಲ್ಲರೂ ಕೋಣೆಯಲ್ಲಿದ್ದರು. ದಾದಿ ನನ್ನ ಜಡೆ ಹಿಡಿದಳು.

"ಯಾರು ಕಲಿಸ್ಯಾರ? ಬಾಯಿ ಬಿಡು."

"ಯಾರೂ ಕಲಿಸಿಲ್ಲ, ದಾದಿ. ಟೀವಿ ಗಾಜಿನ್ಯಾಗ ನೋಡೀನಿ."

ದಾದಿ ನಂಬಲಿಲ್ಲ. ಚೌಕಟ್ಟನ್ನು ಒಲೆಗೆ ಹಾಕಿದಳು. ಇಲ್ಲಿಗೆ ಕಥೆ ನಿಲ್ಲಿಸಿ ನಾನು ಬೂದಿಯಿಂದ ಅಮ್ಮಿ ಎತ್ತಿಟ್ಟ ತುಂಡಿನ ಸುಟ್ಟ ಬದಿಯನ್ನು ತೋರಿಸುತ್ತೇನೆ. ಬಂದವರು ಫೋಟೋ ತೆಗೆದುಕೊಳ್ಳುತ್ತಾರೆ.

ಅವರಿಗೆ ಹೇಳದ್ದು ಇದು. ದಾದಿ ಆಗಲೇ ಭಾಬಿಯನ್ನು ಮಗ್ಗದಿಂದ ಎಬ್ಬಿಸಿದಳು. ಮರುದಿನ ಬೆಳಿಗ್ಗೆ ಭಾಯ್‌ಜಾನ್ ಭಾಬಿಯನ್ನು ಶಲವಡಿಗೆ ಕರೆದುಕೊಂಡು ಹೋದ. ರಂಜಾನ್ ಬರುವವರೆಗೆ ತವರಿನಲ್ಲಿರಲಿ, ಬಾಯಿ ಬಿಗಿ ಹಿಡಿಯುವುದನ್ನು ಕಲಿತು ಬರಲಿ ಎಂದು ದಾದಿಯ ತೀರ್ಮಾನ. ಭಾಬಿ ಸೆರಗು ತಲೆಗೆ ಎಳೆದುಕೊಂಡಳು, ಒಂದು ಕೈಚೀಲ ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ಅಲ್ಲಿ ಅವಳಿಗೆ ಕಾಮಣಿ ಆಯಿತು. ಕಣ್ಣು ಹಳದಿಯಾಗಿವೆ ಎಂದು ಸುದ್ದಿ ಬಂದಾಗ ಭಾಯ್‌ಜಾನ್ ಹೊರಟು ನಿಂತ. ದಾದಿ, ಅಲ್ಲಿ ಔಷಧ ಕುಡಿಸುತ್ತಾರೆ, ನೀ ಹೋಗಿ ಏನು ಮಾಡುತ್ತಿ ಎಂದಳು. ಎಂಟು ದಿನ ಬಿಟ್ಟು ಬಂದ ಸುದ್ದಿಗೆ ಎಲ್ಲರೂ ಮಣ್ಣಿಗೆ ಹೋದರು, ನನ್ನನ್ನು ಬಿಟ್ಟು. ಕಾಮಣಿ ನವಲಗುಂದದಲ್ಲಿದ್ದರೂ ಆಗಬಹುದಿತ್ತು. ನಾನು ಇದನ್ನು ಬಹಳ ಸಲ ಹೇಳಿಕೊಂಡಿದ್ದೇನೆ. ನಮ್ಮಲ್ಲಿ ಆಗಿದ್ದರೆ ಒಂದೂವರೆ ತಾಸಿನ ಬಸ್ಸಿನಲ್ಲಿ ಹುಬ್ಬಳ್ಳಿಯ ದವಾಖಾನೆ ಇತ್ತು ಎಂಬುದನ್ನು ಅಷ್ಟು ಸಲ ಹೇಳಿಕೊಂಡಿಲ್ಲ.

ಮಗ್ಗದ ಮೇಲಿನ ಜಮಖಾನೆಯಲ್ಲಿ ಭಾಬಿಯ ನವಿಲು ಕಾಲಿನವರೆಗೆ ಬಂದು ನಿಂತಿತ್ತು. ದಾದಿ ಅದನ್ನು ಮುಂದುವರಿಸಲಿಲ್ಲ, ಕೊಯ್ದು ತೆಗೆಯಲೂ ಇಲ್ಲ. ಅಬ್ಬಾ ಆಟದ ಪೆಟ್ಟಿಗೆಯನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದರು. ಆಮೇಲೆ ದಾದಿಯ ಕಣ್ಣು ಮಂಜಾದವು. ಭಾಯ್‌ಜಾನನ ಎರಡನೇ ಹೆಂಡತಿ ಮಗ್ಗದ ಮೇಲೆ ಒಗೆದ ಬಟ್ಟೆ ಹರವಿದಳು, ಯಾರೂ ಬ್ಯಾಡ ಅನ್ನಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ದಾದಿ ಹಾಸಿಗೆಯಿಂದ ಕೈಚಾಚಿದಳು.

"ಬಾಜು ಬಾ ಶಮಾ. ಕೂಡು. ಕುತ್ತಗಿ ಆದ ಮ್ಯಾಲೆ ಐದು ಮನಿ ಹಿಡಿ..."

"ನಾ ಮಗಳು, ದಾದಿ," ಎಂದೆ. "ನಾಳೆ ಹೋಗಾಕಿ."

ಎದ್ದು ಹೊರಗೆ ಹೋದೆ. ಅವಳ ತುಟಿ ಇನ್ನೂ ಅಲುಗುತ್ತಿದ್ದವು. ಕುತ್ತಿಗೆಯ ಕೆಳಗಿನ ನವಿಲು ಅವಳ ಜೊತೆ ಖಬರಸ್ತಾನಕ್ಕೆ ಹೋಯಿತು. ನಾ ಮಗಳು ಎಂಬ ಮಾತು ಮಾತ್ರ ನಾನು ಆಡಿದ್ದೇ ಹೌದು. ಇದರಲ್ಲಿ ಸಂಶಯವಿಲ್ಲ, ಯಾಕೆಂದರೆ ಅದನ್ನು ಆಡುವಾಗ ನನಗೆ ಸುಖವಾಗಿತ್ತು.

ಈ ವರ್ಷ ಅಮ್ಮಿ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಗೆ ಬಂದಳು. ಹಾಸಿಕೊಳ್ಳಲು ಮನೆಯಿಂದ ಜಮಖಾನೆ ಸುತ್ತಿ ತಂದಿದ್ದಳು. ದಾದಿ ನೇಯ್ದವುಗಳಲ್ಲಿ ನಮ್ಮಲ್ಲಿ ಉಳಿದದ್ದು ಅದೊಂದೇ. ಆಪರೇಷನ್ ಆಗಿ ನಾಲ್ಕನೆಯ ದಿನ, ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಅದರ ಮೇಲೆ ಕೂತಿದ್ದಳು. ಧಾರವಾಡದಿಂದ ಒಬ್ಬ ತರುಣ ನನ್ನ ಸಂಗ್ರಹ ನೋಡಲು ಬಂದಿದ್ದ, ಅವನೂ ಇವನ್ನೇ ಕೂಡಿಸುವವನು. ಯಾಕೆ ಹೊರಗಿಟ್ಟಿದ್ದೀರಿ ಎಂದು ಕೇಳಿದ. ನಾನು ಕಥೆ ಹೇಳಿದೆ. ಅವನು ಹೋದ ಮೇಲೆ ಅಮ್ಮಿ ಕೇಳಿದಳು:

"ಟೀವಿ ಗಾಜಿನ್ಯಾಗ ಏನ್ ಕಾಣ್ತಿತ್ತಬೇ, ಶಮಾ?"

"ಮಗ್ಗ, ಅಮ್ಮಿ."

"ಮಗ್ಗದ ಮುಂದ ನಿಮ್ಮ ದಾದಿ ಕೂತಿರ್ತಿದ್ಲು. ಆಕಿ ಬೆನ್ನು ಕಂಡಿದ್ದೀತು."

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಹಳೆಯ ಆಟಗಳಿಗೆಂದೇ ಒಂದು ದಪ್ಪ ಟೀವಿ ಇಟ್ಟುಕೊಂಡಿದ್ದೇನೆ. ಅಮ್ಮಿಯನ್ನು ಎಬ್ಬಿಸಿ, ಆ ಜಮಖಾನೆಯನ್ನು ಎದುರು ಗೋಡೆಗೆ ತೂಗುಹಾಕಿ, ಟೀವಿ ಆರಿಸಿ, ಜಮಖಾನೆಗೆ ಬೆನ್ನು ಮಾಡಿ ನೆಲಕ್ಕೆ ಕೂತೆ. ಉಬ್ಬಿದ ಗಾಜಿನಲ್ಲಿ ನನ್ನ ಮುಖ, ಕಿಟಕಿಯ ಬಿಳಿ ಚೌಕ, ಹಿಂದೆ ಒಂದು ಕಪ್ಪು ಕಲೆ. ನವಿಲಿಲ್ಲ. ಬೆಳಕು ಕಡಿಮೆಯಿರಬಹುದು ಎಂದು ದೀಪ ಹಾಕಿದೆ. ದೀಪ ಕಂಡಿತು, ನವಿಲು ಕಾಣಲಿಲ್ಲ. ಆಮೇಲೆ ಕಪಾಟಿನ ಬಾಗಿಲು ತೆರೆದು ನನ್ನ ತುಂಡನ್ನು ಮೊಳೆಯಿಂದ ಬಿಡಿಸಿ ಜಮಖಾನೆಯ ಪಕ್ಕ ಹಿಡಿದೆ. ದಾದಿಯ ನವಿಲುಗಳೆಲ್ಲ ಎಡಕ್ಕೆ ಮುಖ ಮಾಡಿದ್ದವು. ನನ್ನದೂ ಎಡಕ್ಕೆ. ಗಾಜಿನಲ್ಲಿ ನೋಡಿ ನೇಯ್ದಿದ್ದರೆ ಅದು ಬಲಕ್ಕೆ ನೋಡಬೇಕಿತ್ತು. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂದು ನಾನು ಪ್ರತಿ ವರ್ಷ ಎಂಟನೆಯ ತರಗತಿಗೆ ಪಾಠ ಮಾಡುತ್ತೇನೆ, ತಪ್ಪು ಬರೆದವರ ಅಂಕ ಕಳೆಯುತ್ತೇನೆ. ಆ ತುಂಡು ಇಷ್ಟು ವರ್ಷ ನನ್ನ ಕಣ್ಣ ಮಟ್ಟದಲ್ಲಿ, ದೀಪದ ಕೆಳಗೆ ತೂಗುತ್ತಿತ್ತು. ಗಾಜಿನ ಹಿಂದೆ ಇಟ್ಟದ್ದನ್ನು ಬಂದವರು ನೋಡುತ್ತಾರೆ, ಇಟ್ಟವರು ನೋಡುವುದಿಲ್ಲ. ಉಳಿದ ಸಂಗ್ರಾಹಕರದು ಗೊತ್ತಿಲ್ಲ. ನಾನು ಇವನ್ನು ಹೊರಗಿಟ್ಟದ್ದು ನೋಡುವ ಕೆಲಸವನ್ನು ಬೇರೆಯವರಿಗೆ ವಹಿಸುವುದಕ್ಕೆ.

"ಆಕಿನ ಕಲಿಸಿದ್ಲು, ಹೌದಲ್ಲಬೇ?" ಎಂದಳು ಅಮ್ಮಿ.

ಹೌದು. ಗೊಂಬೆಯ ಒಂದು ಸರದಿಗೆ ಮಗ್ಗದ ಒಂದು ಸಾಲು. ಅದು ನಮ್ಮಿಬ್ಬರ ಕರಾರಾಗಿತ್ತು. ಬರೆಯುತ್ತಿರುವಾಗ ಅವಳ ಬೆರಳು ನನ್ನ ಬೆರಳ ಮೇಲೆ ಒತ್ತಿದ್ದು ನೆನಪಾಗುತ್ತಿದೆ. ಈ ನೆನಪನ್ನು ನಂಬುತ್ತೇನೆ, ಅದರಿಂದ ನನಗೆ ಲಾಭವಿಲ್ಲ.

"ಆ ದಿನ ದಾದಿ ಕೇಳಿದಾಗ ನಾ ಏನಂದೆ, ಅಮ್ಮಿ?"

"ನೀ ಏನೂ ಅನಲಿಲ್ಲ."

"ಗಾಜಿನ್ಯಾಗ ನೋಡೀನಿ ಅನಲಿಲ್ಲ?"

"ಎಲ್ಲೀ ಗಾಜು? ಏನೂ ಅನಲಿಲ್ಲ ನೀ. ಬಟ್ಟು ಮಾಡಿ ತೋರಿಸಿದಿ. ಟೀವಿ ಮುಂದ ಎರಡೂ ರಿಮೋಟು ಬಿದ್ದಿದ್ವು. ಆ ಎರಡನೇದರ ಕಡೆ ಬಟ್ಟು ಮಾಡಿದಿ. ನಿಮ್ಮ ದಾದಿ ಅದನ್ನ ಎತ್ತಿ ನೋಡಿದ್ಲು. ಗುಂಡಿ ತುಂಬ ಕೆಂಪು ನೂಲು."

ಅಮ್ಮಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಡಾಕ್ಟರು ಕಣ್ಣು ಮುಟ್ಟಬೇಡಿ ಎಂದಿದ್ದರು.

"ನೀ ಹನ್ನೊಂದು ವರ್ಷದ ಹುಡುಗಿ, ನಿನ್ನ ಜಡಿ ಹಿಡಿದಿದ್ಲು. ನಾ? ನಾನೂ ಆ ಮನಿ ಸೊಸಿನ. ನಾ ಕಲಿಸೀನಿ ಅಂದಿದ್ರ ಮುಗೀತಿತ್ತು. ನನಗ ನಾಕು ಬಡೀತಿದ್ಲು, ಅಷ್ಟ."

"ಯಾಕ ಅನಲಿಲ್ಲ?"

"ಇಪ್ಪತ್ತು ವರ್ಷ ನನಗ ಬರೇ ಅಂಚು ಕೊಟ್ಟಾಳ ಆಕಿ. ಅಂಚಿನ ಪಟ್ಟಿ. ನವಿಲು ಕೇಳಿದ್ರ, ನಿನ್ನ ಬಟ್ಟು ದಪ್ಪ ಅಂತಿದ್ಲು. ಜೈಬುನ್‌ಗ ಒಂದ ವರ್ಷದಾಗ ಕೊಟ್ಲು. ಆಕಿ ಎದ್ದು ಹೋಗ್ಲಿ ಅಂತ ಅನಿಸಿತ್ತಬೇ ನನಗ. ನಾಕು ದಿನ ಹೋಗ್ಲಿ ಅಂತ. ಸಾಯ್ಲಿ ಅಂತಲ್ಲ."

ಬೂದಿಯಿಂದ ಅವಳು ಆ ತುಂಡನ್ನು ಯಾಕೆ ಎತ್ತಿ ಆಟದ ಡಬ್ಬಿಯಲ್ಲಿ ಬಚ್ಚಿಟ್ಟಳು ಎಂದು ಈಗ ತಿಳಿಯಿತು. ಆ ನವಿಲನ್ನು ಅವಳು ಅಂದು ಮೊದಲ ಸಲ ಕೈಯಲ್ಲಿ ಹಿಡಿದಿದ್ದಳು.

ಮರುದಿನ ಮಧ್ಯಾಹ್ನ ನಮಾಜು ಮುಗಿಸಿ ಅಮ್ಮಿ ತಾನಾಗಿ ಕಪಾಟಿನ ಮುಂದೆ ಬಂದು ನಿಂತಳು. ಹೊಸದಾಗಿ ಕಾಣುತ್ತಿದ್ದ ಕಣ್ಣಿನಿಂದ ಒಂದೊಂದನ್ನೇ ನೋಡಿದಳು.

"ಆ ಬೂದಿ ಬಣ್ಣದ್ದು ಹಚ್ಚು. ಆಕಿ ಏನ್ ನೋಡ್ತಿದ್ಲು, ನಾನೂ ನೋಡ್ತೀನಿ."

ಪೆಟ್ಟಿಗೆ ಇಳಿಸಿದೆ. ಅದು ಇನ್ನೂ ಆಡುತ್ತದೆ. ನಾನೇ ಬೆಸುಗೆ ಹಾಕಿ ಉಳಿಸಿಕೊಂಡಿದ್ದೇನೆ. ಎರಡನೇ ರಿಮೋಟಿನ ಗುಂಡಿಯ ಸಂದಿಯಲ್ಲಿ ನೂಲಿಲ್ಲ. ಸಂಗ್ರಹಕ್ಕೆ ಸೇರಿಸುವಾಗ ನಾನೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಚೊಕ್ಕ ಮಾಡಿದ್ದೆ. ಅದನ್ನು ಅಮ್ಮಿಯ ಮತ್ತು ನನ್ನ ನಡುವೆ ಜಮಖಾನೆಯ ಮೇಲೆ ಇಟ್ಟೆ. ಇಬ್ಬರ ಆಟ ಎಂದು ಆರಿಸಿದೆ. ನನ್ನ ಗೊಂಬೆ ಮೊದಲ ಹೊಂಡಕ್ಕೇ ಬಿತ್ತು. ಪರದೆ ಕಪ್ಪಾಗಿ ಮತ್ತೆ ಹತ್ತಿತು. ಎರಡನೆಯ ಗೊಂಬೆ ಶುರುವಿನ ಜಾಗದಲ್ಲಿ ಬಂದು ನಿಂತಿತು. ಮೇಲೆ ಮೂಲೆಯಲ್ಲಿ ವೇಳೆ ಇಳಿಯತೊಡಗಿತು.

"ಯಾಕ ನಿಂತಾನ?"

"ಅದು ಭಾಬಿ ಸರದಿ, ಅಮ್ಮಿ."

ಅಮ್ಮಿ ರಿಮೋಟಿನ ಕಡೆ ಕೈ ಒಯ್ದಳು. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ನಾನೂ ಮುಟ್ಟಲಿಲ್ಲ. ವೇಳೆ ಮುಗಿಯಿತು, ನಿಂತಲ್ಲೇ ಗೊಂಬೆ ಕೆಳಗೆ ಬಿತ್ತು. ನನ್ನ ಸರದಿ ಬಂತು, ಹೊಂಡಕ್ಕೆ ಬಿದ್ದೆ. ಮತ್ತೆ ಅವಳ ಗೊಂಬೆ ಬಂದು ನಿಂತಿತು. ಆಟ ಮುಗಿಯಬೇಕಾದರೆ ಅವಳು ಮೂರು ಸಲ ಸಾಯಬೇಕಿತ್ತು. ಇಬ್ಬರೂ ಕೂತು ನೋಡಿದೆವು.